ಪ್ರಶ್ನೋತ್ತರ: ಮನೆಬಾಗಿಲಿಗೆ ಬರುವ ಬೆಳಕಿನ ಲೆಕ್ಕ

ಹಳ್ಳಿಗಳ ಇಂಟರ್ನೆಟ್ ಸಂಪರ್ಕದ ಬಗ್ಗೆ ಮಳೆಗಾಲ ಕಾಲಿಟ್ಟಾಗಿನಿಂದ ಈ ಅಂಕಣಕ್ಕೆ ಪತ್ರಗಳು ಬರುತ್ತಲೇ ಇವೆ. ಬಹುಪಾಲು ದೂರುಗಳೇ. ಆದರೂ ಕೆಲವರು ದೂರಿನ ಆಚೆಗೆ ಹೋಗಿ, ಇದೆಲ್ಲ ನಡೆಯುವುದು ಹೇಗೆ ಎಂದು ಕೇಳಿದ್ದಾರೆ. ಅಂಥ ಆರು ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡು, ಬರೆದವರ ಹೆಸರು ಬಿಟ್ಟು ಊರಿನ ಗುರುತನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನಮ್ಮದು ಕಾಡಿನಂಚಿನ ಒಂಟಿಮನೆ. ಮೊಬೈಲ್ ಸಿಗ್ನಲ್ ಇಲ್ಲ. ಎರಡು ವರ್ಷದಿಂದ ಫೈಬರ್ ಸಂಪರ್ಕವಿದೆ. ಕಳೆದ ಆಷಾಢದಲ್ಲಿ ನಾನು ಶಿವಮೊಗ್ಗದಲ್ಲಿದ್ದಾಗ ಮನೆಗೆ ವಾಟ್ಸ್‌ಆ್ಯಪ್ ಕರೆ ಹೋಗದೆ ಗಾಬರಿಯಾಗಿ, ಸಂಪರ್ಕ ಕೊಟ್ಟ ಹುಡುಗನಿಗೆ ಫೋನ್ ಮಾಡಿದೆ. ಆತ ಕುಳಿತಲ್ಲಿಂದಲೇ, ‘ಅಣ್ಣಾ, ಲೈನ್ ಸರಿಯಿದೆ, ನಿಮ್ಮ ಮನೆಯಲ್ಲಿ ಕರೆಂಟ್ ಹೋಗಿದೆ ಅಷ್ಟೇ’ ಎಂದ. ಇನ್ನೊಮ್ಮೆ ಇಂಟರ್ನೆಟ್ ಚೆನ್ನಾಗಿಯೇ ನಡೆಯುತ್ತಿದ್ದಾಗ ಏಣಿ ಹೊತ್ತು ಬಂದು, ‘ಇವತ್ತು ನೋಡದಿದ್ದರೆ ಈ ವಾರದಲ್ಲಿ ಹೋಗುತ್ತದೆ’ ಎಂದು ಕಂಬ ಹತ್ತಿದ. ಅವನಿಗೆ ಇದೆಲ್ಲ ಗೊತ್ತಾಗುವುದು ಹೇಗೆ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಆತ ಅಂಜನ ಹಾಕಿ ನೋಡಿದ್ದಲ್ಲ, ನಿಮ್ಮ ಮನೆಯ ಮೋಡೆಮ್ಮೇ ಅವನಿಗೆ ಹೇಳಿಹೋಗಿದೆ. ಅವನ ಅಂಗಡಿಯಲ್ಲೋ ಪಂಚಾಯಿತಿ ಕಚೇರಿಯ ಮೂಲೆಯಲ್ಲೋ ಮಾಹಿತಿಯನ್ನು ಬೆಳಕಾಗಿಸಿ ಮನೆಗಳಿಗೆ ಕಳಿಸುವ ಓಎಲ್‌ಟಿ ಎಂಬ ಪೆಟ್ಟಿಗೆಯೊಂದಿರುತ್ತದೆ. ಅದರ ಒಂದೊಂದು ಪೋರ್ಟಿನಿಂದ ಹೊರಡುವ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯು ಕಂಬಗಳ ಮೇಲಿನ ಸ್ಪ್ಲಿಟರ್ ಮತ್ತು ಕಪ್ಲರ್‌ಗಳಲ್ಲಿ ಕವಲೊಡೆಯುತ್ತ 32 ಅಥವಾ 64 ಮನೆಗಳನ್ನು ಮುಟ್ಟುತ್ತದೆ. ನಡುದಾರಿಯಲ್ಲಿ ವಿದ್ಯುತ್ ಬೇಡುವ ಯಾವ ಯಂತ್ರವೂ ಇಲ್ಲದಿರುವುದು ಈ ಏರ್ಪಾಟಿನ ದೊಡ್ಡ ಅನುಕೂಲ. ಮನೆಯ ತುದಿಯಲ್ಲಿರುವ, ನಾವು ಮೋಡೆಮ್ ಎಂದು ಕರೆಯುವ ಪೆಟ್ಟಿಗೆಗೆ ಅವರ ಭಾಷೆಯಲ್ಲಿ ಓಎನ್‌ಟಿ ಎಂದು ಹೆಸರು. ಮನೆಯಲ್ಲಿ ಕರೆಂಟ್ ಹೋದ ಗಳಿಗೆಯಲ್ಲಿ ಅದು ತನ್ನೊಳಗಿನ ಕೆಪಾಸಿಟರ್‌ನಲ್ಲಿ ಉಳಿದಿರುವ ಚೂರು ವಿದ್ಯುತ್ತಿನಿಂದ, ಸೆಕೆಂಡಿನ ಸಣ್ಣದೊಂದು ಭಾಗದಲ್ಲಿ, ‘ನನಗೆ ವಿದ್ಯುತ್ ನಿಂತಿತು’ ಎಂಬ ಒಂದೇ ಒಂದು ಸಂದೇಶವನ್ನು ಓಎಲ್‌ಟಿಗೆ ಕಳಿಸಿ ಆರಿಹೋಗುತ್ತದೆ. ಎಂಜಿನಿಯರುಗಳು ಇದನ್ನು ಡೈಯಿಂಗ್ ಗ್ಯಾಸ್ಪ್ ಎನ್ನುತ್ತಾರೆ. ಕೊನೆಯುಸಿರು ಎಂದರೆ ನಮಗೆ ಚೆನ್ನಾಗಿ ಅರ್ಥವಾದೀತು. ಮರ ಬಿದ್ದು ಕೇಬಲ್ ಕಡಿದರೆ ಈ ಕೊನೆಯುಸಿರು ಬರುವುದಿಲ್ಲ, ಮನೆ ಸದ್ದಿಲ್ಲದೆ ಕಾಣೆಯಾಗುತ್ತದೆ. ಹತ್ತು ಮನೆಗಳು ಒಟ್ಟಿಗೇ ಕೊನೆಯುಸಿರೆಳೆದರೆ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿದೆ, ಹತ್ತು ಮನೆಗಳು ಸದ್ದಿಲ್ಲದೆ ಹೋದರೆ ಕೇಬಲ್ ಹೋಗಿದೆ. ಮೊದಲನೆಯದಕ್ಕೆ ಮೆಸ್ಕಾಂ ಲೈನ್‌ಮನ್ ಬೇಕು, ಎರಡನೆಯದಕ್ಕೆ ಏಣಿ ಹೊತ್ತ ನಿಮ್ಮ ಹುಡುಗ ಬೇಕು. ಸುರಿಯುವ ಮಳೆಯಲ್ಲಿ ಯಾರು ಹೊರಡಬೇಕೆಂಬುದು ಕುಳಿತಲ್ಲೇ ತೀರ್ಮಾನವಾಗುತ್ತದೆ.

ಎರಡನೆಯ ಸಂಗತಿ ಇನ್ನೂ ಸೊಗಸಾದದ್ದು. ಪ್ರತಿ ಓಎನ್‌ಟಿಯೂ ತನಗೆ ಎಷ್ಟು ಬೆಳಕು ತಲುಪುತ್ತಿದೆ ಎಂಬುದನ್ನು ಅಳೆಯುತ್ತಲೇ ಇರುತ್ತದೆ. ಅದರ ಅಳತೆ ಡಿಬಿಎಂ ಎಂಬ ಮಾನದಲ್ಲಿ, ಮೈನಸ್ ಅಂಕಿಯಾಗಿ ಕಾಣಿಸುತ್ತದೆ. ಮೂರು ಅಂಕ ಕೆಳಗಿಳಿದರೆ ಬೆಳಕು ಅರ್ಧವಾಯಿತೆಂದು ಅರ್ಥ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನೆಮ್ಮದಿ, ಮೈನಸ್ 27 ದಾಟಿದರೆ ಸಾಮಾನ್ಯವಾಗಿ ಸಂಪರ್ಕ ತಡವರಿಸುತ್ತದೆ. ಮೈನಸ್ 27 ಎಂದರೆ ಒಂದು ವ್ಯಾಟ್‌ನ ಹತ್ತು ಲಕ್ಷ ಪಾಲುಗಳಲ್ಲಿ ಎರಡೇ ಪಾಲು. ಅಷ್ಟು ಮಿಣುಕು ಬೆಳಕಿನಲ್ಲಿ ನಿಮ್ಮ ಮಕ್ಕಳ ಪಾಠವೂ ಅಮೆರಿಕದಿಂದ ಬರುವ ಅಳಿಯನ ಕರೆಯೂ ಸಾಗಿಬರುತ್ತವೆ ಎಂಬುದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಬೆರಗಾಗುತ್ತದೆ. ಜಾಯಿಂಟ್ ಪೆಟ್ಟಿಗೆಯೊಳಗೆ ನೀರಿಳಿದರೂ, ಅಡಿಕೆ ಸೋಗೆ ಬಿದ್ದು ಕೇಬಲ್ ಮಡಚಿದರೂ, ಅಳಿಲು ಹೊದಿಕೆಯನ್ನು ಕಡಿದರೂ ಸಂಪರ್ಕ ಒಮ್ಮೆಲೇ ಹೋಗಬೇಕೆಂದಿಲ್ಲ. ಬೆಳಕು ಸೋಮವಾರ ಮೈನಸ್ 21 ಇದ್ದದ್ದು ಗುರುವಾರ 23ಕ್ಕೂ ಭಾನುವಾರ 25ಕ್ಕೂ ಇಳಿಯುತ್ತದೆ. ಈ ಪಟ್ಟಿಯನ್ನು ದಿನವೂ ನೋಡುವ ಅಭ್ಯಾಸವಿದ್ದವನಿಗೆ ‘ಈ ವಾರದಲ್ಲಿ ಹೋಗುತ್ತದೆ’ ಎನ್ನುವುದು ಭವಿಷ್ಯವಾಣಿಯಲ್ಲ, ಕೂಡಿ ಕಳೆಯುವ ಲೆಕ್ಕ. ಅಕ್ಕಪಕ್ಕದ ನಾಲ್ಕು ಮನೆಗಳಲ್ಲೂ ಇಳಿದಿದ್ದರೆ ದೋಷ ಕಂಬದ ಮೇಲಿದೆ, ನಿಮ್ಮೊಬ್ಬರದೇ ಇಳಿದಿದ್ದರೆ ನಿಮ್ಮ ಅಂಗಳದಲ್ಲಿದೆ.

ಕೇಬಲ್ ಕಡಿದ ಜಾಗವನ್ನು ಹುಡುಕಲು ಓಟಿಡಿಆರ್ ಎಂಬ ಉಪಕರಣವಿದೆ. ಅದು ಎಳೆಯೊಳಗೆ ಬೆಳಕಿನ ಮಿಡಿತವನ್ನು ಬಿಟ್ಟು, ಹಿಂದಿರುಗಿ ಬರುವ ಚೂರು ಬೆಳಕಿನ ವೇಳೆಯನ್ನು ಎಣಿಸುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ, ಒಂದು ಕಿಲೋಮೀಟರ್ ಹೋಗಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಪಾಲು ಸಾಕು. ಉಪಕರಣ ‘2,340 ಮೀಟರ್‌ನಲ್ಲಿ ತುಂಡಾಗಿದೆ’ ಎಂದು ತೋರಿಸುತ್ತದೆ, ನಿಜ. ಆದರೆ ಆ 2,340ನೇ ಮೀಟರ್ ಯಾರ ತೋಟದಲ್ಲಿದೆ? ಪ್ರತಿ ಜಾಯಿಂಟಿನಲ್ಲೂ ಹತ್ತಿಪ್ಪತ್ತು ಮೀಟರ್ ಕೇಬಲ್ ಸುತ್ತಿ ಇಟ್ಟಿರುವುದರಿಂದ ರಸ್ತೆ ಅಳೆದರೆ ಲೆಕ್ಕ ತಪ್ಪುತ್ತದೆ. ಕೇಬಲ್‌ನ ಹೊದಿಕೆಯ ಮೇಲೆ ಮೀಟರ್ ಮೀಟರಿಗೂ ಅಂಕಿ ಅಚ್ಚಾಗಿರುತ್ತದೆ. ಕೇಬಲ್ ಎಳೆಯುವ ದಿನವೇ ಯಾವ ಕಂಬದಲ್ಲಿ ಯಾವ ಅಂಕಿ ಎಂದು ಬರೆದಿಟ್ಟುಕೊಂಡವನು ನೇರವಾಗಿ ಆ ಕಂಬದ ಬುಡಕ್ಕೆ ಹೋಗುತ್ತಾನೆ, ಬರೆದಿಡದವನು ಇಡೀ ದಿನ ಕೆಸರಿನಲ್ಲಿ ಕೇಬಲ್ ಹಿಡಿದುಕೊಂಡು ನಡೆಯುತ್ತಾನೆ. ನಾನು ದೂರವಾಣಿ ಕೇಂದ್ರದಲ್ಲಿ ದುಡಿಯುತ್ತಿದ್ದಾಗ ಜನರು 198ಕ್ಕೆ ಡಯಲ್ ಮಾಡಿ ದೂರು ಬರೆಸಿ ಡಾಕೆಟ್ ನಂಬರ್ ಪಡೆಯುತ್ತಿದ್ದರು. ಗ್ರಾಹಕನು ಹೇಳುವವರೆಗೆ ಫೋನ್ ಸತ್ತಿರುವುದು ನಮಗೆ ತಿಳಿಯುತ್ತಿರಲಿಲ್ಲ. ನಿಮ್ಮ ಹುಡುಗನಿಗೆ ಈಗ ನಿಮಗಿಂತ ಮೊದಲೇ ತಿಳಿಯುತ್ತದೆ. ಆ ತಿಳಿವಳಿಕೆಯನ್ನು ಏಣಿ ಹೊತ್ತು ನಡೆಸಿದ್ದಾನಲ್ಲ, ಅದು ಅವನ ಹೆಚ್ಚುಗಾರಿಕೆ. ಓಎಲ್‌ಟಿ ಎಲ್ಲರ ಬಳಿಯೂ ಇರುತ್ತದೆ, ಅದರ ಪಟ್ಟಿಯನ್ನು ತೆರೆದು ನೋಡುವವರು ಕಡಿಮೆ.

ಪ್ರಶ್ನೆ: ಇಂಟರ್ನೆಟ್ ಕೊಡುವವರಿಗೆ ನಾವು ಮೊಬೈಲಿನಲ್ಲಿ ನೋಡುವುದೆಲ್ಲ ಕಾಣಿಸುತ್ತದೆಯೇ? ನಮ್ಮೂರಿನ ಕೇಬಲ್‌ನವರು ಪರಿಚಯದವರೇ ಆದ್ದರಿಂದ ಕೇಳಲು ಸಂಕೋಚ.
— ಗೃಹಿಣಿಯೊಬ್ಬರು, ಸಾಗರ

ಉತ್ತರ: ನೋಡುವುದೆಲ್ಲ ಕಾಣಿಸುವುದಿಲ್ಲ, ಆದರೆ ಏನೂ ಕಾಣಿಸುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಇಂದು ಬಹುತೇಕ ಎಲ್ಲ ತಾಣಗಳೂ ಆ್ಯಪ್‌ಗಳೂ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವುದರಿಂದ ನಿಮ್ಮ ಸಂದೇಶ, ಚಿತ್ರ, ಬ್ಯಾಂಕಿನ ಪಾಸ್‌ವರ್ಡ್ ನಡುವಿನವರಿಗೆ ಓದಲು ಬರುವುದಿಲ್ಲ. ಲಕೋಟೆಯೊಳಗಿನ ಕಾಗದ ಅಂಚೆಯಣ್ಣನಿಗೆ ಕಾಣದಿದ್ದರೂ ಮೇಲಿನ ವಿಳಾಸ ಕಾಣುವಂತೆ, ಯಾವ ತಾಣಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಮಾಹಿತಿ ಹೋಗಿ ಬಂತು ಎಂಬುದು ಸಂಪರ್ಕದಾತರಿಗೆ ಸಾಮಾನ್ಯವಾಗಿ ತಿಳಿಯುತ್ತದೆ. ಯಾವ ಗ್ರಾಹಕರಿಗೆ ಯಾವಾಗ ಯಾವ ಐಪಿ ವಿಳಾಸ (ಜಾಲದಲ್ಲಿ ಆ ಸಂಪರ್ಕವನ್ನು ಗುರುತಿಸುವ ಅಂಕಿ) ಕೊಡಲಾಗಿತ್ತು ಎಂಬಂಥ ದಾಖಲೆಗಳನ್ನು ಎರಡು ವರ್ಷ ಕಾಯ್ದಿಡಬೇಕೆಂದು 2021ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾದ ಪರವಾನಗಿ ಷರತ್ತೇ ಹೇಳುತ್ತದೆ. ಅಪರಾಧ ತನಿಖೆಗಾಗಿ ಇರುವ ಏರ್ಪಾಟು ಅದು, ಊರಿನ ಕಟ್ಟೆಯಲ್ಲಿ ಹರಟಲಿಕ್ಕೆ ಇರುವುದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ನಿಮ್ಮ ಮಾಹಿತಿಯನ್ನು ಏಕೆ ಪಡೆಯುತ್ತಿದ್ದೇವೆ ಎಂಬ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲಿಯೂ, ಕೇಳಿ ಪಡೆಯುವ ಅವಕಾಶವನ್ನು ಆ ಕಾಯ್ದೆ ಕೊಟ್ಟಿದೆ.

ನನ್ನ ಚಿಂತೆ ಮಾತ್ರ ಬೇರೆಡೆಗಿದೆ. ಹೊಸ ಸಂಪರ್ಕ ಕೊಡುವಾಗ ಅಂಗಳದಲ್ಲಿ ನಿಂತು ಆಧಾರ್ ಕಾರ್ಡಿನ ಫೋಟೊವನ್ನು ಸ್ವಂತ ಮೊಬೈಲಿನಲ್ಲಿ ಹಿಡಿದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡುವ ಪದ್ಧತಿ ಎಲ್ಲೆಡೆ ಬೆಳೆದಿದೆ, ಮತ್ತು ಆ ಫೋಟೊ ಆ ಮೊಬೈಲಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ನಿಮ್ಮೆದುರೇ ಅಳಿಸುವಂತೆ ಹೇಳಿ. ಪರಿಚಯದವರಾದರೆ ಹೇಳುವುದು ಇನ್ನೂ ಸುಲಭವಾಗಬೇಕು. ಹಾಗೆಯೇ, ಅವರೇ ಕೊಟ್ಟ ಮೋಡೆಮ್ಮಿನ ವೈಫೈ ಹೆಸರು, ಪಾಸ್‌ವರ್ಡ್, ಎಷ್ಟು ಸಾಧನಗಳು ಸೇರಿಕೊಂಡಿವೆ ಎಂಬ ಸಂಖ್ಯೆ ಹಲವು ಜಾಲಗಳಲ್ಲಿ ಅಂಗಡಿಯಿಂದಲೇ ಕಾಣುವಂತಿರುತ್ತದೆ. ದುರಸ್ತಿಗೆ ಅದು ನೆರವಾಗುತ್ತದೆ. ಬೇಡವೆನಿಸಿದರೆ ಸ್ವಂತ ರೂಟರ್ ಒಂದನ್ನು ಕೊಂಡು ಅದರ ಮುಂದೆ ಜೋಡಿಸಿಕೊಳ್ಳಬಹುದು.

ಪ್ರಶ್ನೆ: ನಮ್ಮ ಪಂಚಾಯಿತಿ ಕಚೇರಿಗೆ ಸರ್ಕಾರದ ಫೈಬರ್ ಬಂದು ಏಳೆಂಟು ವರ್ಷಗಳಾದವು. ನಮ್ಮ ಮಜರೆ ಅಲ್ಲಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿದ್ದು, ಇಪ್ಪತ್ತಾರು ಮನೆಗಳಲ್ಲಿ ಒಂದಕ್ಕೂ ಸಂಪರ್ಕವಿಲ್ಲ. ವಿಚಾರಿಸಿದರೆ ‘ನಿಮ್ಮ ಪಂಚಾಯಿತಿ ಸಂಪರ್ಕಗೊಂಡ ಪಟ್ಟಿಯಲ್ಲಿದೆ’ ಎನ್ನುತ್ತಾರೆ. ಪಟ್ಟಿಯಲ್ಲಿರುವುದು ಯಾರು, ನಾವೋ ಕಚೇರಿಯ ಗೋಡೆಯೋ?
— ನಿವೃತ್ತ ಶಿಕ್ಷಕರು, ಸಿದ್ದಾಪುರ ತಾಲ್ಲೂಕು

ಉತ್ತರ: ಕಚೇರಿಯ ಗೋಡೆಯೇ, ಮೇಷ್ಟ್ರೇ. ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಈಗ ಭಾರತ್‌ನೆಟ್ ಎಂದು ಹೆಸರು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಕನಿಷ್ಠ 100 ಎಂಬಿಪಿಎಸ್ ವೇಗದ ಇಂಟರ್ನೆಟ್ ಮುಟ್ಟಿಸುವುದು ಅದರ ಗುರಿಯಾಗಿತ್ತು. ದೂರಸಂಪರ್ಕ ಕಂಪನಿಗಳ ಆದಾಯದಿಂದ ಶೇಕಡಾ 5ರಂತೆ ಹಿಡಿದ ಹಣದ ನಿಧಿಯಿಂದ ಇದು ನಡೆಯುತ್ತದೆ. ಗುರಿಯನ್ನು ಪಂಚಾಯಿತಿ ಕಚೇರಿಯ ಬಾಗಿಲಿಗೆ ನಿಲ್ಲಿಸಿದ್ದರಿಂದ ಲೆಕ್ಕವೂ ಅಲ್ಲಿಗೇ ನಿಂತಿತು. ಬಯಲುಸೀಮೆಯಲ್ಲಿ ಊರೆಲ್ಲ ಒಂದೆಡೆ ಗುಂಪಾಗಿರುವುದರಿಂದ ಕಚೇರಿಗೆ ಬಂದ ಕೇಬಲ್ ಹೆಚ್ಚುಕಡಿಮೆ ಊರಿಗೆ ಬಂದಂತೆಯೇ. ಹತ್ತಾರು ಮಜರೆಗಳಲ್ಲಿ, ತೋಟದ ತಲೆಯಲ್ಲೊಂದು ಗದ್ದೆಯ ಅಂಚಿನಲ್ಲೊಂದು ಮನೆ ಕಟ್ಟಿಕೊಂಡ ನಮ್ಮ ಮಲೆನಾಡಿಗೆ ಅದೇ ಅಳತೆಗೋಲು ಹಿಡಿದದ್ದು ತಪ್ಪು. ಇನ್ನೊಂದು ದೋಷ ಕೇಬಲ್ ಎಳೆದ ರೀತಿಯಲ್ಲಿತ್ತು. ಮೊದಲ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಪಂಚಾಯಿತಿಯವರೆಗೆ ಒಂದೇ ಸಾಲಿನಲ್ಲಿ ಎಳೆದಿದ್ದರಿಂದ, ರಸ್ತೆ ಅಗಲ ಮಾಡುವ ಅಥವಾ ನೀರಿನ ಪೈಪ್ ಹೂಳುವ ಜೆಸಿಬಿ ಒಂದು ಕಡೆ ಕೈಹಾಕಿದರೆ ಅದರಾಚೆಗಿನ ಸಾಲೆಲ್ಲ ಕತ್ತಲಾಗುತ್ತಿತ್ತು. ಅಗೆಯುವವರು ಮುಂಚಿತವಾಗಿ ಕೇಬಲ್‌ನ ಒಡೆಯರಿಗೆ ತಿಳಿಸಲೆಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ 2023ರ ಮಾರ್ಚ್‌ನಲ್ಲಿ ಬಂದಿದೆ; ಜೆಸಿಬಿ ಚಾಲಕನ ಕಿಸೆಯಲ್ಲಿ ಅದನ್ನು ನಾನಂತೂ ಇನ್ನೂ ಕಂಡಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ₹1,39,579 ಕೋಟಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ದೊರೆಯಿತು. ಅದರಲ್ಲಿ ಕೇಬಲ್ ಸಾಲಾಗಿ ಹೋಗದೆ ಬಳೆಯಂತೆ ಸುತ್ತಿ ಬರಬೇಕು, ಒಂದು ಕಡೆ ಕಡಿದರೆ ಮಾಹಿತಿ ಇನ್ನೊಂದು ಕಡೆಯಿಂದ ಬಳಸಿ ಬರಬೇಕು. ಅಲ್ಲದೆ ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆಯ ಮೇಲೆ ಸಂಪರ್ಕ ಕೊಡಬೇಕೆಂದಿದೆ.

‘ಬೇಡಿಕೆಯ ಮೇಲೆ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಲೆಕ್ಕದ ಈ ಎಡವಟ್ಟು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದ ಸಂಪರ್ಕ ಆಯೋಗವು ಹಲವು ವರ್ಷ ಕಂಪನಿಗಳಿಂದ ಜನಗಣತಿಯ ಚಿಕ್ಕ ವಿಭಾಗಗಳ ಮಟ್ಟದಲ್ಲಿ ವರದಿ ಪಡೆಯುತ್ತಿತ್ತು. ಒಂದು ವಿಭಾಗದಲ್ಲಿ ಒಂದೇ ಮನೆಗೆ ಸಂಪರ್ಕ ಕೊಡಲು ಸಾಧ್ಯವಿದ್ದರೂ ಇಡೀ ವಿಭಾಗಕ್ಕೆ ಸಂಪರ್ಕವಿದೆಯೆಂದು ನಕಾಶೆಯಲ್ಲಿ ಬಣ್ಣ ಬಳಿಯಲಾಗುತ್ತಿತ್ತು. ಹಳ್ಳಿಗಾಡಿನಲ್ಲಿ ಆ ವಿಭಾಗಗಳು ಮೈಲಿಗಟ್ಟಲೆ ಹರಡಿರುವುದರಿಂದ, ಇಲ್ಲದವರು ಇದ್ದವರಾಗಿ ಎಣಿಕೆಯಾದರು ಮತ್ತು ಸಹಾಯಧನ ಅವರನ್ನು ದಾಟಿಹೋಯಿತು. ಕೊನೆಗೆ 2022ರ ನವೆಂಬರ್‌ನಲ್ಲಿ ಒಂದೊಂದು ಮನೆಯನ್ನೂ ಬಿಂದುವಾಗಿ ತೋರಿಸುವ ನಕಾಶೆ ಹೊರಬಂತು. ‘ನನ್ನ ಮನೆಗೆ ಸಂಪರ್ಕವಿದೆ ಎಂದು ಬರೆದಿದ್ದೀರಿ, ಇಲ್ಲ’ ಎಂದು ಮನೆಯವರೇ ಆಕ್ಷೇಪಣೆ ಸಲ್ಲಿಸುವ ದಾರಿಯನ್ನು ಅದರಲ್ಲಿ ತೆರೆದಿಟ್ಟರು.

ನಮಗೆ ಅಂಥ ನಕಾಶೆ ಬರುವವರೆಗೆ ನೀವು ಕಾಯಬೇಕಾಗಿಲ್ಲ. ಇಪ್ಪತ್ತಾರು ಮನೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಪಂಚಾಯಿತಿಯಿಂದ ಮಜರೆಯವರೆಗೆ ಎಷ್ಟು ಕಂಬಗಳಿವೆ, ಯಾವ ಕಂಬದಿಂದ ಯಾವ ಮನೆ ಎಷ್ಟು ಮೀಟರ್, ಎಷ್ಟು ಮನೆಯವರು ತಿಂಗಳಿಗೆ ಹಣ ಕೊಟ್ಟು ಪಡೆಯಲು ಸಿದ್ಧರಿದ್ದಾರೆ, ಓದುವ ಮಕ್ಕಳೂ ಮನೆಯಿಂದಲೇ ನೌಕರಿ ಮಾಡುವವರೂ ಎಷ್ಟು. ಅದನ್ನು ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಯಲ್ಲಿ ಸೇರಿಸಿ. ಒಂದು ಪ್ರತಿಯನ್ನು ಯೋಜನೆ ನಡೆಸುವ ಬಿಎಸ್‌ಎನ್‌ಎಲ್ ಕಚೇರಿಗೂ ಇನ್ನೊಂದನ್ನು ಹತ್ತಿರದ ಖಾಸಗಿ ಕೇಬಲ್‌ನವರಿಗೂ ಕೊಡಿ. ನಾಲ್ಕು ಕಿಲೋಮೀಟರ್ ಕೇಬಲ್ ಹಾಕಿದರೆ ಎಷ್ಟು ಮನೆ ಸಿಗುತ್ತವೆ ಎಂಬ ಲೆಕ್ಕ ಕೈಯಲ್ಲಿಲ್ಲದೆ ಯಾರೂ ಕಂಬ ಹತ್ತುವುದಿಲ್ಲ. ಆ ಲೆಕ್ಕ ನಿಮ್ಮಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.

ಪ್ರಶ್ನೆ: ಹದಿನೈದು ವರ್ಷದಿಂದ ಕೇಬಲ್ ಟಿವಿ ನಡೆಸುತ್ತಿದ್ದೇನೆ. ಗ್ರಾಹಕರು ಕಡಿಮೆಯಾಗುತ್ತಿದ್ದು, ಇಂಟರ್ನೆಟ್ ಕೊಡಬೇಕೆಂದಿದ್ದೇನೆ. ಸುಮಾರು 150 ಮನೆಗಳು ಸಿಗಬಹುದು. ಎಲ್ಲಿಂದ ಶುರು ಮಾಡಲಿ? ಸಂಜೆ ಇಂಟರ್ನೆಟ್ ನಿಧಾನವಾಗುತ್ತದೆ ಎಂಬ ದೂರು ಬಾರದಂತೆ ಮಾಡಲು ಸಾಧ್ಯವೇ?
— ಓದುಗರೊಬ್ಬರು, ಯಲ್ಲಾಪುರ

ಉತ್ತರ: ಪರವಾನಗಿಯನ್ನು ಸ್ವಂತವಾಗಿ ಪಡೆಯುವ ದಾರಿಯೂ ಇದೆ, ಪರವಾನಗಿ ಇರುವವರ ಫ್ರಾಂಚೈಸಿಯಾಗಿ ಆದಾಯದಲ್ಲಿ ಪಾಲು ಪಡೆಯುವ ದಾರಿಯೂ ಇದೆ. 150 ಮನೆಗಳಿಗೆ ಎರಡನೆಯದೇ ಸರಿ. ಬಿಎಸ್‌ಎನ್‌ಎಲ್ ಫೈಬರ್‌ನಲ್ಲಿಯೂ ಭಾರತ್‌ನೆಟ್ ಉದ್ಯಮಿ ಯೋಜನೆಯಲ್ಲಿಯೂ ಸ್ಥಳೀಯರು ಕೊನೆಯ ಮೈಲಿಯ ಕೇಬಲ್ ಹಾಕಿ ನೋಡಿಕೊಳ್ಳುವ ಪದ್ಧತಿಯಿದೆ. ಹೆಸ್ಕಾಂ ಕಂಬಗಳನ್ನು ಬಳಸುವುದಾದರೆ ಅನುಮತಿ ಪತ್ರವಿಲ್ಲದೆ ಒಂದು ಕೊಕ್ಕೆಯನ್ನೂ ಹಾಕಬೇಡಿ. ಜೀವದ ಪ್ರಶ್ನೆ ಒಂದು, ಎಲ್ಲವನ್ನೂ ಕಿತ್ತು ಬಿಸಾಡಿದ ದಿನ ನಿಮ್ಮ ಮಾತು ಕೇಳುವವರಿರುವುದಿಲ್ಲ ಎಂಬುದು ಇನ್ನೊಂದು.

ಸಂಜೆಯ ನಿಧಾನದ ವಿಷಯವನ್ನು ನೀವು ಮೊದಲೇ ಯೋಚಿಸಿರುವುದು ಮೆಚ್ಚುವಂಥದ್ದು. 150 ಮನೆಗಳಿಗೆ ತಲಾ 60 ಎಂಬಿಪಿಎಸ್ ಯೋಜನೆ ಮಾರಿದರೆ ಕಾಗದದ ಮೇಲೆ 9,000 ಎಂಬಿಪಿಎಸ್ ಆಗುತ್ತದೆ, ಆದರೆ ಎಲ್ಲರೂ ಒಂದೇ ಗಳಿಗೆಯಲ್ಲಿ ಅಷ್ಟನ್ನೂ ಎಳೆಯುವುದಿಲ್ಲ. ರಾತ್ರಿ ಎಂಟರಿಂದ ಹತ್ತರವರೆಗಿನ ತುಂಬು ಹೊತ್ತಿನಲ್ಲಿ ಮನೆಗೆ ಸರಾಸರಿ 3 ಎಂಬಿಪಿಎಸ್ ಎಂದು ಹಿಡಿದರೆ ನಿಮಗೆ ಬೇಕಾಗುವುದು 450 ಎಂಬಿಪಿಎಸ್. ಊರಿನ ಟ್ಯಾಂಕಿಗೆ ಇಷ್ಟಿಂಚಿನ ಪೈಪ್ ಸಾಕು ಎಂದು ಹೇಳುವ ಲೆಕ್ಕವೇ ಇದು; ಎಲ್ಲ ಮನೆಯ ನಲ್ಲಿಗಳೂ ಒಟ್ಟಿಗೆ ತೆರೆದಿರುವುದಿಲ್ಲ. ಐಪಿಎಲ್ ಅಂತಿಮ ಪಂದ್ಯದ ರಾತ್ರಿ ಮಾತ್ರ ತೆರೆದಿರುತ್ತವೆ. ಈ 3 ಎಂಬುದು ನಾನು ಉದಾಹರಣೆಗೆ ಹಿಡಿದ ಅಂಕಿ. ನಿಮ್ಮ ಊರಿನ ನಿಜವಾದ ಅಂಕಿಯನ್ನು ನಿಮ್ಮ ರೂಟರ್‌ನ ದಟ್ಟಣೆಯ ನಕ್ಷೆ ಐದೈದು ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ತುಂಬು ಹೊತ್ತಿನಲ್ಲಿ ಆ ಗೆರೆ ಗುಡ್ಡದಂತೆ ಏರಿ ಇಳಿದರೆ ಸರಿಯಿದೆ. ಏರುತ್ತ ಹೋಗಿ ಮೇಲ್ಭಾಗದಲ್ಲಿ ಕತ್ತಿಯಿಂದ ಸವರಿದಂತೆ ಚಪ್ಪಟೆಯಾದರೆ, ಮೇಲಿನಿಂದ ನೀವು ಕೊಂಡಿರುವ ಪೈಪ್ ತುಂಬಿಹೋಗಿದೆ ಎಂದೇ ಅರ್ಥ. ಆಗ ಗ್ರಾಹಕರಿಗೆ ‘ನಿಮ್ಮ ಮೊಬೈಲ್ ಹಳೆಯದು’ ಎಂದು ಹೇಳುವ ಬದಲು ಪೈಪನ್ನು ದೊಡ್ಡದು ಮಾಡಬೇಕು. ಗೆರೆ ಗುಡ್ಡದಂತೆಯೇ ಇದ್ದು ಒಂದು ಮನೆಯಿಂದ ಮಾತ್ರ ದೂರು ಬಂದರೆ ಆ ಮನೆಯ ದಪ್ಪ ಮಣ್ಣಿನ ಗೋಡೆಯನ್ನು ನೋಡಿ. ಹಳೆಯ ಮನೆಗಳ ಜಗುಲಿಯಲ್ಲಿಟ್ಟ ವೈಫೈ ಅಡುಗೆಮನೆಯನ್ನು ಮುಟ್ಟುವುದಿಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ಹಾಕಿಕೊಳ್ಳಿ. ನಿಮ್ಮ ಓಎಲ್‌ಟಿ ಮತ್ತು ರೂಟರ್ ಸೇರಿ 60 ವ್ಯಾಟ್ ತಿನ್ನುತ್ತವೆ ಎಂದಿಟ್ಟುಕೊಂಡರೆ, 12 ವೋಲ್ಟಿನ 150 ಎಎಚ್ ಬ್ಯಾಟರಿಯೊಂದು ಸುಮಾರು ಒಂದು ದಿನ ನಡೆಸುತ್ತದೆ. ನಮ್ಮ ಕಡೆ ಆರಿದ್ರಾ ಮಳೆ ಹಿಡಿದರೆ ಮೂರು ದಿನ ಕರೆಂಟ್ ಬಾರದಿರುವುದುಂಟು, ಆದ್ದರಿಂದ ಒಂದು ಬ್ಯಾಟರಿಯನ್ನು ನೆಚ್ಚಬೇಡಿ. ಬಸ್‌ನಿಲ್ದಾಣದ ಚಹಾದಂಗಡಿಯವರಿಗೆ ಪಿಎಂ-ವಾಣಿ ಕೇಂದ್ರ ಮಾಡಿಕೊಡುವುದನ್ನೂ ಯೋಚಿಸಬಹುದು. 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಆ ವ್ಯವಸ್ಥೆಯಲ್ಲಿ ಅಂಗಡಿಯವರು ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈಫೈ ಮಾರಬಹುದು.

ಕೊನೆಯದಾಗಿ ನನ್ನದೊಂದು ಸಲಹೆ. ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಹಾಲು ಹಾಕಿದವರಿಗೆ ಲೀಟರ್ ಎಷ್ಟು, ಫ್ಯಾಟ್ ಎಷ್ಟು ಎಂಬ ಚೀಟಿ ಕೈಗೆ ಸಿಗುತ್ತದೆ. ನಿಮ್ಮ ಗ್ರಾಹಕರ ತಿಂಗಳ ಬಿಲ್ಲಿನಲ್ಲಿಯೂ ಮೂರು ಸಾಲು ಸೇರಿಸಿ: ಮನೆಗೆ ಬರುತ್ತಿರುವ ಬೆಳಕು ಎಷ್ಟು ಡಿಬಿಎಂ, ತಿಂಗಳಲ್ಲಿ ಎಷ್ಟು ಗಂಟೆ ಸಂಪರ್ಕ ಇರಲಿಲ್ಲ, ಅದರಲ್ಲಿ ಕರೆಂಟಿನಿಂದ ಎಷ್ಟು, ಕೇಬಲ್‌ನಿಂದ ಎಷ್ಟು. ಮೊದಲ ತಿಂಗಳು ಜಗಳ ಬರುತ್ತದೆ. ಮೂರನೆಯ ತಿಂಗಳಿಗೆ ಜನರು ಅದನ್ನು ಓದಲು ಕಲಿಯುತ್ತಾರೆ, ಸುಳ್ಳು ದೂರು ಕಡಿಮೆಯಾಗುತ್ತದೆ, ಮತ್ತು ನಿಜವಾದ ದೂರಿನಿಂದ ನೀವೂ ತಪ್ಪಿಸಿಕೊಳ್ಳಲಾಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಇದ್ದರೂ ನಮ್ಮ ಭಾಗಕ್ಕೆ ಯಾವ ಕಂಪನಿಯೂ ಬರುವುದಿಲ್ಲ. ಅಡಿಕೆಗೆ, ಹಾಲಿಗೆ ಸಹಕಾರ ಸಂಘವಿರುವಂತೆ ಇಂಟರ್ನೆಟ್‌ಗೂ ಸಂಘ ಮಾಡಿಕೊಂಡವರು ಎಲ್ಲಾದರೂ ಇದ್ದಾರೆಯೇ?
— ಸಹಕಾರಿ ಸಂಘವೊಂದರ ನಿರ್ದೇಶಕರು, ಶೃಂಗೇರಿ ಕಡೆ

ಉತ್ತರ: ಇದ್ದಾರೆ. ಉತ್ತರ ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ, ಕಂಪನಿಗಳು ಬಾರದ ಗುಡ್ಡಗಾಡಿನ ಹಳ್ಳಿಗಳವರು 2011ರಲ್ಲಿ ‘ಬ್ರಾಡ್‌ಬ್ಯಾಂಡ್ ಫಾರ್ ದ ರೂರಲ್ ನಾರ್ತ್’ ಎಂಬ ಸಮುದಾಯ ಸಂಘವನ್ನು ಕಟ್ಟಿಕೊಂಡರು. ಊರವರೇ ಷೇರು ಹಣ ಹಾಕಿದರು. ರಸ್ತೆ ಬದಿಯಲ್ಲಿ ಅಗೆಯುವುದು ದುಬಾರಿಯಾದ್ದರಿಂದ ರೈತರು ತಮ್ಮ ಹೊಲಗಳ ನಡುವೆ ಬಾಡಿಗೆಯಿಲ್ಲದೆ ದಾರಿ ಬಿಟ್ಟುಕೊಟ್ಟು, ತಾವೇ ಕಾಲುವೆ ತೋಡಿ ಪೈಪ್ ಹೂಳಿದರು. ಎಳೆಗಳನ್ನು ಬೆಸೆಯುವ ಸೂಕ್ಷ್ಮ ಕೆಲಸವನ್ನು ಊರಿನ ಗಂಡಸರೂ ಹೆಂಗಸರೂ ಕಲಿತರು. ದೊಡ್ಡ ನಗರಗಳ ಬಹಳಷ್ಟು ಮನೆಗಳಿಗೆ ಇಲ್ಲದಿದ್ದ 1,000 ಎಂಬಿಪಿಎಸ್ ವೇಗ ಆ ಕುರಿಗಾಹಿ ಹಳ್ಳಿಗಳಿಗೆ ತಿಂಗಳಿಗೆ 30 ಪೌಂಡಿಗೆ ಸಿಕ್ಕಿತು. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರ ಸುಮಾರಿಗೆ ಶುರುವಾದ ಗೀಫಿ ಡಾಟ್ ನೆಟ್ ಎಂಬ ಜಾಲವು ಮನೆಯ ಮಾಡಿನ ಮೇಲಿನ ಆಂಟೆನಾಗಳಿಂದ ಆರಂಭವಾಗಿ ಸಾವಿರಾರು ಬಿಂದುಗಳಿಗೆ ಬೆಳೆದಿದೆ; ಪ್ರತಿ ಬಿಂದುವೂ ಎಲ್ಲಿದೆ, ಯಾವುದರೊಂದಿಗೆ ಜೋಡಣೆಗೊಂಡಿದೆ ಎಂಬುದನ್ನು ಅವರು ಎಲ್ಲರಿಗೂ ಕಾಣುವಂತೆ ನಕಾಶೆಯಲ್ಲಿಟ್ಟಿದ್ದಾರೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಹಳ್ಳಿಗಳಿಗೆ ವಿದ್ಯುತ್ ತರಲೆಂದು ರೈತರು ಕಟ್ಟಿಕೊಂಡ ಸಹಕಾರಿ ಸಂಘಗಳಲ್ಲಿ ಹಲವು, ಈಗ ತಮ್ಮದೇ ಕಂಬಗಳ ಮೇಲೆ ಫೈಬರ್ ಎಳೆದು ಅದೇ ಸದಸ್ಯರಿಗೆ ಇಂಟರ್ನೆಟ್ ಕೊಡುತ್ತಿವೆ.

ಕಂಬ ಯಾರದೆಂಬುದೇ ಅಲ್ಲಿ ಮುಖ್ಯವಾಯಿತು. ನಮ್ಮ ರಾಜ್ಯದಲ್ಲಿ ವಿದ್ಯುತ್ ಹಂಚುವ ಸಹಕಾರಿ ಸಂಘವೆಂದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಯದು, 1969ರಿಂದ ಇದೆ. ಉಳಿದ ಕಡೆ ಕಂಬಗಳು ವಿದ್ಯುತ್ ಕಂಪನಿಗಳ ವಶದಲ್ಲಿರುವುದರಿಂದ ನಿಮ್ಮ ಸಂಘ ಅವರ ಅನುಮತಿಗೂ ಬಾಡಿಗೆಗೂ ಸಿದ್ಧವಾಗಬೇಕು, ಇಲ್ಲವೇ ಲ್ಯಾಂಕಾಷೈರ್‌ನವರಂತೆ ತೋಟದ ಬೇಲಿಗುಂಟ ದಾರಿ ಕೇಳಬೇಕು. ಹಣ ನಮ್ಮಲ್ಲಿ ದೊಡ್ಡ ಅಡ್ಡಿಯಲ್ಲ: 1973ರಲ್ಲಿ ಕ್ಯಾಂಪ್ಕೊ ಕಟ್ಟಿದ, ಪ್ರತಿ ಹೋಬಳಿಯಲ್ಲೂ ಸೊಸೈಟಿ ನಡೆಸುವ ಸೀಮೆಗಳಿಗೆ ಷೇರು ಕೂಡಿಸುವುದು ಹೊಸದಲ್ಲ. ನನಗೆ ಅನುಮಾನವಿರುವುದು ನಿತ್ಯದ ನಿರ್ವಹಣೆಯ ಬಗ್ಗೆ. ಅಡಿಕೆಯ ವ್ಯಾಪಾರ ಭಾನುವಾರ ರಜೆ ಹಾಕಬಹುದು, ಕೇಬಲ್ ಹಾಕಲು ಬರುವುದಿಲ್ಲ. ಸಂಬಳಕ್ಕೆ ಇಬ್ಬರು ತರಬೇತಾದ ಹುಡುಗರೂ, ಬೆಸೆಯುವ ಯಂತ್ರವೂ, ಕಂಬಕಂಬದ ಲೆಕ್ಕದ ಪುಸ್ತಕವೂ ಇಲ್ಲದೆ ಸಂಘದ ನೋಂದಣಿಗೆ ಹೊರಡಬೇಡಿ. ಮೊದಲು ಒಂದು ಮಜರೆಯಲ್ಲಿ, ಪರವಾನಗಿ ಇರುವವರ ಜೊತೆ ಸೇರಿ, ಒಂದು ಮಳೆಗಾಲ ನಡೆಸಿ ನೋಡಿ.

ಪ್ರಶ್ನೆ: ಫೈಬರ್ ಎಂದರೆ ಗಾಜು, ಅದರಲ್ಲಿ ಸಿಡಿಲು ಹರಿಯುವುದಿಲ್ಲ, ಆದ್ದರಿಂದ ಗುಡುಗಿದಾಗ ಮೋಡೆಮ್ ಕೀಳಬೇಕಿಲ್ಲ ಎಂದು ಮಗ ಹೇಳುತ್ತಾನೆ. ಸರಿಯೇ? ಹಾಗೆಯೇ, ಉಪಗ್ರಹದ ಇಂಟರ್ನೆಟ್ ಬರುತ್ತದಂತೆ, ಅದಕ್ಕೆ ಕಾಯಬಹುದೇ?
— ಓದುಗರೊಬ್ಬರು, ಸುಳ್ಯ

ಉತ್ತರ: ಮಗ ಹೇಳಿದ್ದರಲ್ಲಿ ಅರ್ಧ ಸರಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಕೇಬಲ್ ಜೋತುಬೀಳದಿರಲೆಂದು ಅದರ ಜೊತೆಗೆ ಉಕ್ಕಿನ ತಂತಿ ಇರುವುದುಂಟು. ಅದಕ್ಕಿಂತ ಹೆಚ್ಚಾಗಿ, ಮೋಡೆಮ್ಮಿನ ಅಡಾಪ್ಟರ್ ಮನೆಯ ಕರೆಂಟಿನ ಪ್ಲಗ್ಗಿನಲ್ಲಿದೆ. ಸುಟ್ಟುಹೋಗುವ ಮೋಡೆಮ್‌ಗಳಲ್ಲಿ ಹೆಚ್ಚಿನವು ಆ ದಾರಿಯಿಂದ ಬಂದ ಸಿಡಿಲಿಗೆ ಸುಡುತ್ತವೆ. ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ತೆಗೆಯಿರಿ. ಸಿಡಿಲು ತಲೆಯ ಮೇಲೆ ಬಂದಾಗ ಪ್ಲಗ್ಗಿನ ಹತ್ತಿರ ಹೋಗಬೇಡಿ. ಫೈಬರ್‌ನ ಹಸಿರು ಕನೆಕ್ಟರನ್ನು ಸುಮ್ಮಸುಮ್ಮನೆ ಎಳೆದರೆ ಅದರ ತುದಿಗೆ ಧೂಳು ಹಿಡಿದು ಬೆಳಕು ಕಡಿಮೆಯಾಗುತ್ತದೆ, ಅದನ್ನು ಹಾಗೇ ಬಿಡಿ.

ಉಪಗ್ರಹದ ವಿಷಯದಲ್ಲಿ, ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ 2025ರ ಜೂನ್‌ನಲ್ಲಿ ದೊರೆತಿದೆ. ಅದರ ಉಪಗ್ರಹಗಳು ಭೂಮಿಗೆ ಕೇವಲ 550 ಕಿಲೋಮೀಟರ್ ಆಸುಪಾಸಿನಲ್ಲಿ ಸುತ್ತುವುದರಿಂದ, 36,000 ಕಿಲೋಮೀಟರ್ ಎತ್ತರದ ಹಳೆಯ ಬಗೆಯ ಉಪಗ್ರಹಗಳಲ್ಲಿ ಇದ್ದಂತೆ ಮಾತು ತಡವಾಗಿ ಕೇಳಿಸುವ ತೊಂದರೆ ಇಲ್ಲ. ಆದರೆ ಮನೆಯಲ್ಲಿ ಇಡುವ ಆಂಟೆನಾ ತಟ್ಟೆಗೆ ತೆರೆದ ಆಕಾಶ ಬೇಕು. ಅಡಿಕೆ ತೋಟದ ನಡುವಿನ ಮನೆಯಲ್ಲಿ ಅಂಗಳಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದು ಮೊದಲು ನೋಡಿಕೊಳ್ಳಿ. ಕೇಬಲ್ ಬರುವ ಸಾಧ್ಯತೆ ಒಂದಿಷ್ಟಾದರೂ ಇದ್ದರೆ ಕೇಬಲ್ಲನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಕೆಟ್ಟಾಗ ಏಣಿ ಹೊತ್ತು ಬರುವವರು ನಿಮ್ಮೂರಿನವರೇ ಆಗಿರುತ್ತಾರೆ.